ನಮ್ಮ ಬೆಂಗಳೂರು ಎಫ್‌ಸಿ ಹನ್ನೊಂದು: ಶನಿವಾರ ರಾತ್ರಿಯೊಳಗೆ ಹೆಸರು ಕಳಿಸಿ

ಎಲ್ಲರಿಗೂ ನಮಸ್ಕಾರ.

ಭಾನುವಾರ ಸಂಜೆ 5ಕ್ಕೆ ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಎಂದಿನಂತೆ ಆಟ. ಆಟ ಮುಗಿದ ಮೇಲೆ ಅಲ್ಲೇ ಕೂತು ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡದ ಹಳೆಯ, ಹೊಸ ಆಟಗಾರರಲ್ಲಿ ನಮ್ಮ ಹನ್ನೊಂದು ಜನರನ್ನು ಆರಿಸೋಣ.

2013ರಿಂದ ಈಚೆಗೆ ತಂಡಕ್ಕೆ ಆಡಿದ ಯಾರಾದರೂ ಸರಿ. ವಿದೇಶಿ ಆಟಗಾರರು ನಾಲ್ಕೇ ಜನ. ಸುನಿಲ್ ಛೇತ್ರಿ ಹೆಸರು ಬರೆಯಬೇಡಿ, ಅವರು ಇದ್ದೇ ಇರ್ತಾರೆ. ಗೋಲಿಗೆ ಗುರ್‌ಪ್ರೀತ್ ಬಿಟ್ಟು ಬೇರೆ ಯಾರನ್ನಾದರೂ ಬರೆಯುವವರು ಕಾರಣವನ್ನೂ ಬರೆಯಿರಿ.

ಜಾಸ್ತಿ ಜಗಳ ಡಿಫೆಂಡರ್ ರಾಹುಲ್ ಭೇಕೆ ಬಗ್ಗೆಯೇ, ಅಲ್ವಾ? ನಡುವೆ ಮುಂಬೈ ಸಿಟಿ ತಂಡಕ್ಕೆ ಹೋಗಿ ವಾಪಸ್ ಬಂದರು ಅಂತ ಕೆಲವರಿಗೆ ಸಿಟ್ಟು. ಆದರೆ 2019ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ನೆನಪಿಸಿಕೊಳ್ಳಿ. ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿತ್ತು. ಡಿಮಾಸ್ ಕಾರ್ನರ್ ಹೊಡೆದರು, ಭೇಕೆ ತಲೆ ಕೊಟ್ಟರು, ಎಫ್‌ಸಿ ಗೋವಾ ತಂಡದ ಮೇಲೆ 1-0. ಆ ಒಂದು ಗೋಲಿಗೇ ನನ್ನ ತಂಡದಲ್ಲಿ ಅವರ ಜಾಗ ಗಟ್ಟಿ. ಫಾರ್ವರ್ಡ್ ಮಿಕು ಜಾಸ್ತಿ ವರ್ಷ ಆಡಲಿಲ್ಲ ನಿಜ, ಆದರೂ ಛೇತ್ರಿಗೆ ಅಂಥ ಜೋಡಿ ಮತ್ತೆ ಸಿಗಲಿಲ್ಲ. ಉದಾಂತ ಆಮೇಲೆ ಗೋವಾ ಸೇರಿದರು ಅಂತ ಬಿಟ್ಟುಬಿಡಬೇಡಿ. ಬಲಗಡೆ ಆ ಓಟ ಯಾರಿಗಿತ್ತು?

ಮಾಜಾಳಿ, ಸದಾಶಿವಗಡ ಕಡೆಯ ಗೋವಾ ಅಭಿಮಾನಿಗಳೂ ಬನ್ನಿ. ಚಹಾ ಉಂಟು, ಮತ ಇಲ್ಲ.

ಪಟ್ಟಿಯನ್ನು ಒಂದೇ ಮೆಸೇಜಿನಲ್ಲಿ ಟೈಪ್ ಮಾಡಿ ಕಳಿಸಿ. ಉದ್ದುದ್ದ ವಾಯ್ಸ್ ಮೆಸೇಜ್ ಬೇಡ ಮಾರಾಯ್ರೆ. ಬರುವವರು ಇವತ್ತೇ ತಿಳಿಸಿ. ಪಂಪ್ ಯಾರ ಮನೆಯಲ್ಲಿದೆಯೋ ಅವರು ಮರೆಯದೆ ತನ್ನಿ.