ಮೂಳೆ ಎತ್ತುವ ಮೊದಲು

ಹ್ಯಾಂಕ್ಸ್‌ವಿಲ್, ಯೂಟಾ, ಅಮೆರಿಕ
ಜೂನ್ ತಿಂಗಳು

ಪ್ರೀತಿಯ ಅಪ್ಪಾಜಿ, ಅಮ್ಮ,

ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ಇಲ್ಲಿ ಡೈನೋಸಾರ್ ಮೂಳೆ ಅಗೆದು ತೆಗೆಯುವ ಕೆಲಸ ನಡೆದಿದೆ. ಅಮ್ಮ, ಊಟದ ಚಿಂತೆ ಬೇಡ, ನೀನು ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ಇನ್ನೂ ಇದೆ.

ದೊಡ್ಡಪ್ಪ ಕೇಳಿದರಂತಲ್ಲ, "ನಮ್ಮ ಚಿತ್ರದುರ್ಗದಲ್ಲೂ ಬೇಕಾದಷ್ಟು ಕಲ್ಲಿದೆ, ಡೈನೋಸಾರ್ ಮೂಳೆ ಇಲ್ಲೇ ಸಿಗಲ್ವಾ" ಅಂತ. ಸಿಗಲ್ಲ ಅಂತ ಹೇಳಿ. ನಮ್ಮ ಕಲ್ಲಿಗೆ ವಯಸ್ಸು ಜಾಸ್ತಿ. ಮರಡಿಹಳ್ಳಿಯ ದಿಂಬುಗಲ್ಲು ಇದೆಯಲ್ಲ, ಅದು ಸಮುದ್ರದಡಿ ಲಾವಾ ಉಕ್ಕಿ ತಣ್ಣಗಾದದ್ದು, ಸುಮಾರು 250 ಕೋಟಿ ವರ್ಷ ಹಳೆಯದು. ಡೈನೋಸಾರ್‌ಗಳು ಹುಟ್ಟಿದ್ದೇ ಸುಮಾರು 23 ಕೋಟಿ ವರ್ಷದ ಹಿಂದೆ. ಮೂಳೆ ಉಳಿಯಬೇಕಾದರೆ ಅವು ಬದುಕಿದ್ದ ಕಾಲದ ಕೆಸರು, ಮರಳು ಕಲ್ಲಾಗಿರಬೇಕು. ಗುಜರಾತಿನ ರಹಿಯೋಲಿಯಲ್ಲಿ ಹಾಗೆ ಆಗಿದೆ. 2003ರಲ್ಲಿ ಒಂದು ಡೈನೋಸಾರ್‌ಗೆ ರಾಜಾಸಾರಸ್ ಅಂತ ಹೆಸರಿಟ್ಟರಲ್ಲ, ಅದು ಅಲ್ಲಿಯದೇ.

ಇಲ್ಲಿಯ ಕಲ್ಲು ಸುಮಾರು 15 ಕೋಟಿ ವರ್ಷದ್ದು. ಈಗ ಬರೀ ಬೋಳು ಗುಡ್ಡ, ಕೆಂಪು ಮಣ್ಣು. ಮಂಗಳ ಗ್ರಹದಲ್ಲಿ ಬದುಕೋದು ಹೇಗೆ ಅಂತ ಅಭ್ಯಾಸ ಮಾಡಲು ಇಲ್ಲೇ ಹತ್ತಿರ ಒಂದು ಕೇಂದ್ರ ಕಟ್ಟಿದ್ದಾರೆ ಅಂದರೆ ನೆಲ ಹೇಗಿದೆ ಯೋಚಿಸಿ. ಆದರೆ ಆ ಕಾಲಕ್ಕೆ ಇಲ್ಲಿ ನದಿ ಹರಿಯುತ್ತಿತ್ತು. ಡಿಪ್ಲೊಡೋಕಸ್, ಕ್ಯಾಮರಾಸಾರಸ್‌ನಂಥ ಉದ್ದ ಕತ್ತಿನ, ಸೊಪ್ಪು ತಿನ್ನುವ ಪ್ರಾಣಿಗಳ ಮೂಳೆಗಳು ನೀರಿನಲ್ಲಿ ಬಂದು ಒಂದೇ ಕಡೆ ಸೇರಿ ಮರಳಲ್ಲಿ ಹೂತುಹೋದವು.

ಬಿಸಿಲು ಏರುವ ಮುಂಚೆ ಕೆಲಸ ಶುರು. ದಬ್ಬಳದಂಥ ಸಲಾಕೆ, ಬ್ರಷ್ಷು, ಅಷ್ಟೇ. ಮೂಳೆ ಬಿರುಕು ಬಿಟ್ಟಿದ್ದರೆ ಅಸಿಟೋನಿನಲ್ಲಿ ಕರಗಿಸಿದ ತೆಳು ಅಂಟು ಬಿಡುತ್ತೇವೆ. ಆಮೇಲೆ ಒದ್ದೆ ಟಿಶ್ಯೂ ಕಾಗದ ಹೊದಿಸಿ, ಗೋಣಿ ಬಟ್ಟೆಯ ಪಟ್ಟಿಗಳನ್ನು ಪ್ಲಾಸ್ಟರಿನಲ್ಲಿ ಅದ್ದಿ ಸುತ್ತುತ್ತೇವೆ, ಮುರಿದ ಕೈಗೆ ಆಸ್ಪತ್ರೆಯಲ್ಲಿ ಹಾಕುತ್ತಾರಲ್ಲ ಹಾಗೆ. ಒಣಗಿದ ಮೇಲೆ ಅಡಿಯಿಂದ ಬಿಡಿಸಿ ಎಲ್ಲರೂ ಸೇರಿ ಒಂದೇ ಸಲಕ್ಕೆ ಮಗುಚುತ್ತೇವೆ.

ಅಪ್ಪಾಜಿ, ನನಗೆ ಜಾಸ್ತಿ ಇಷ್ಟವಾದ ಕೆಲಸ ಇದಲ್ಲ, ಇದಕ್ಕಿಂತ ಮುಂಚಿನದು. ನೆಲದ ಮೇಲೆ ದಾರ ಕಟ್ಟಿ ಮೀಟರ್ ಮೀಟರಿನ ಚೌಕ ಮಾಡುತ್ತೇವೆ. ಪ್ರತಿ ಮೂಳೆಗೂ ಒಂದು ನಂಬರು. ಯಾವ ಚೌಕ, ಎಷ್ಟು ಆಳ, ತುದಿ ಯಾವ ದಿಕ್ಕಿಗಿದೆ, ಎಷ್ಟು ಓರೆಯಾಗಿದೆ, ಎಲ್ಲ ಬರೆಯಬೇಕು. ಗ್ರಾಫ್ ಹಾಳೆಯಲ್ಲಿ ಅಳತೆಗೆ ಸರಿಯಾಗಿ ಚಿತ್ರ ಬಿಡಿಸಬೇಕು. ಸುತ್ತಲಿಂದ ಫೋಟೋ ತೆಗೆದರೆ ಕಂಪ್ಯೂಟರ್ ಅದನ್ನೆಲ್ಲ ಜೋಡಿಸಿ ಮೂಳೆ ಮಲಗಿದ್ದ ಹಾಗೇ ತೋರಿಸುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಉದ್ದ ಮೂಳೆಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿದ್ದರೆ ನೀರು ಯಾವ ಕಡೆ ಹರಿಯಿತು ಅಂತ ಊಹಿಸಬಹುದು. ಬೆನ್ನಿನ ಮಣಿಗಳು ಸಾಲಾಗಿ ಕೂಡಿಕೊಂಡೇ ಇದ್ದರೆ ಪ್ರಾಣಿ ಸತ್ತ ಸ್ವಲ್ಪ ಕಾಲಕ್ಕೇ ಹೂತಿತು ಅಂತ ಅರ್ಥ. ಸಣ್ಣ ಮೂಳೆಗಳೇ ಇಲ್ಲದಿದ್ದರೆ ಹೊಳೆ ಅವನ್ನು ಮುಂದಕ್ಕೆ ಒಯ್ದಿರಬಹುದು. ಮೂಳೆಯನ್ನು ಸುಮ್ನೆ ಕಿತ್ತು ತಂದರೆ ಇದರಲ್ಲಿ ಒಂದೂ ಗೊತ್ತಾಗಲ್ಲ. 15 ಕೋಟಿ ವರ್ಷ ಇದ್ದಲ್ಲೇ ಇದ್ದದ್ದನ್ನು ಅರ್ಧ ಗಂಟೆಯಲ್ಲಿ ಹಾಳು ಮಾಡಬಹುದು, ಅದೇ ನನಗೆ ಭಯ. ಅಮೆರಿಕದ ಸರ್ಕಾರಿ ಜಮೀನಿನಲ್ಲಿ ಪರ್ಮಿಟ್ ಇಲ್ಲದೆ ಡೈನೋಸಾರ್ ಮೂಳೆ ತೆಗೆಯುವ ಹಾಗಿಲ್ಲ. ಅದಕ್ಕೆ 2009ರಲ್ಲಿ ಪ್ರತ್ಯೇಕ ಕಾನೂನೇ ಮಾಡಿದ್ದಾರೆ.

ನಮ್ಮ ಜಿಲ್ಲೆಯಲ್ಲೂ ಹೀಗೇ ಕೆಲಸ ನಡೆದಿದೆ ಅಲ್ವಾ? 1947ರಲ್ಲಿ ಪುರಾತತ್ವ ಇಲಾಖೆಯ ವ್ಹೀಲರ್ ಬ್ರಹ್ಮಗಿರಿಯನ್ನು ಪದರ ಪದರವಾಗಿ ಅಗೆಸಿದರು. ಕೆಳಗೆ ಕಲ್ಲಿನ ಕೊಡಲಿಯ ಜನ, ಅವರ ಮೇಲೆ ದೊಡ್ಡ ಕಲ್ಲಿನ ಸಮಾಧಿ ಕಟ್ಟಿದವರು, ಅದರ ಮೇಲೆ ಶಾತವಾಹನರ ಕಾಲ. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದ್ದರಿಂದ ಅದರ ಜೊತೆ ಸಿಕ್ಕ ಮಡಕೆಗಳ ಕಾಲ ಲೆಕ್ಕಕ್ಕೆ ಬಂತು. ನಾಣ್ಯ ಒಂದು ಕಡೆ, ಮಡಕೆ ಒಂದು ಕಡೆ ಚೀಲಕ್ಕೆ ತುಂಬಿದ್ದರೆ ಆಗುತ್ತಿತ್ತಾ?

ಅದಕ್ಕೇ ಪುಟ್ಟನಿಗೆ ಒಂದು ಮಾತು ಹೇಳಿ. ಚಂದ್ರವಳ್ಳಿಯಿಂದ ಅವನು ತಂದ ಆ ಮಡಕೆ ಚೂರು ಶೋಕೇಸಿನಲ್ಲಿ ಇರೋದು ಬೇಡ. ಯಾವ ಜಾಗ, ಯಾವ ದಿನ, ಸುತ್ತ ಏನಿತ್ತು ಅಂತ ನೆನಪಿರುವಾಗಲೇ ಬರೆದಿಡಲಿ. ಆ ಚೀಟಿಯ ಜೊತೆಗೆ ಚೂರನ್ನು ರಂಗಯ್ಯನ ಬಾಗಿಲ ಹತ್ತಿರದ ಮ್ಯೂಸಿಯಂಗೆ ಕೊಟ್ಟು ಬರಲಿ. ಇನ್ನು ಮುಂದೆ ಅಂಥದ್ದು ಕಂಡರೆ ಮುಟ್ಟದೆ ಫೋಟೋ ತೆಗೆದು ತಿಳಿಸಲಿ.

ಶೇಂಗಾ ಬಿತ್ತನೆಗೆ ಮಳೆ ಸಾಕಾಯಿತಾ? ಮುಂದಿನ ಪತ್ರದ ಜೊತೆ ನಾವು ಮೂಳೆ ಅಗೆಯುವ ಜಾಗದ ನಕ್ಷೆಯ ಒಂದು ಪ್ರತಿ ಕಳಿಸಲು ಇಲ್ಲಿ ಅನುಮತಿ ಕೇಳಿದ್ದೇನೆ. ದೊಡ್ಡಪ್ಪನಿಗೂ ತೋರಿಸಿ.

ನಿಮ್ಮ ಪ್ರೀತಿಯ ಮಗಳು