ಸೋಮವಾರ ಸಾಕ್ಷಿದಾರರ ಜೊತೆ ಕೋರ್ಟಿಗೆ ಹೋಗುವವರಿಗೆ

ಎಲ್ಲರಿಗೂ ಶರಣು ಶರಣಾರ್ಥಿ.

ಬರುವ ಸೋಮವಾರ ವಿಜಯಪುರ ಜಿಲ್ಲಾ ನ್ಯಾಯಾಲಯದಲ್ಲಿ ಇಂಡಿ, ಸಿಂದಗಿ ಕಡೆಯ ಸಾಕ್ಷಿದಾರರ ವಿಚಾರಣೆ ಇದೆ. ಜೊತೆಗೆ ಹೋಗುವವರು ಬೆಳಿಗ್ಗೆ 10ಕ್ಕೇ ಅಲ್ಲಿರಿ. ಹೆಸರು ಕೂಗಿದಾಗ ಸಾಕ್ಷಿ ಚಹಾದಂಗಡಿಯಲ್ಲಿದ್ದರೆ ಗೈರುಹಾಜರಿ ಬೀಳುತ್ತದೆ, ಮುಂದೆ ವಾರಂಟ್‌ವರೆಗೂ ಹೋಗಬಹುದು.

ಸಮನ್ಸ್, ಆಧಾರ್ ಕಾರ್ಡ್, ಬಸ್ ಟಿಕೆಟ್ ಕೈಯಲ್ಲಿರಲಿ. ಸಾಕ್ಷಿ ಬತ್ತೆಯನ್ನು ಅಂದೇ ಕೇಳಿ.

ಏನು ಹೇಳಬೇಕೆಂದು ನಾವ್ಯಾರೂ ಹೇಳಿಕೊಡಬಾರದು. ಎದುರು ಪಕ್ಷದ ವಕೀಲರು ಕೇಳುವ ಪಾಟೀ ಸವಾಲಿನಲ್ಲಿ ‘ಯಾರು ಹೇಳಿಕೊಟ್ಟರು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿ ತಡವರಿಸಿದರೆ ನಿಜ ನುಡಿದವರ ಮಾತೂ ಸಡಿಲಾಗುತ್ತದೆ. ಕಟಕಟೆ ಎಲ್ಲಿದೆ, ಯಾರು ಎಲ್ಲಿ ಕೂರುತ್ತಾರೆ ತೋರಿಸಿ. ‘ಪ್ರಶ್ನೆ ತಿಳಿಲಿಲ್ರಿ’, ‘ನೆನಪಿಲ್ರಿ’ ಅನ್ನುವುದು ತಪ್ಪಲ್ಲ ಎಂದು ಧೈರ್ಯ ಕೊಡಿ. ಹೇಳಿಕೆ ಬಗ್ಗೆ ಸಂದೇಹವಿದ್ದರೆ ಸರಕಾರಿ ಅಭಿಯೋಜಕರನ್ನೇ (ಸರಕಾರದ ಪರ ವಕೀಲರನ್ನೇ) ಕಾಣಲಿ.

ಯಾರಾದರೂ ಬೆದರಿಸಿದರೆ ವರಾಂಡದಲ್ಲಿ ವಾದಕ್ಕಿಳಿಯದೆ ಅಭಿಯೋಜಕರಿಗೆ ತಿಳಿಸಿ, ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಅರ್ಜಿ ಹಾಕಿಸಿ. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿ.

ಲೈಂಗಿಕ ಅಪರಾಧದ ಸಂತ್ರಸ್ತರ ಹೆಸರು, ಊರು, ಫೋಟೋ ಈ ಗುಂಪಿನಲ್ಲೂ ಹಾಕಬೇಡಿ. ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 72ನೇ ಕಲಮಿನಡಿ ಅದು ಅಪರಾಧ, ಆ ಜೀವಕ್ಕಂತೂ ಎರಡನೇ ಗಾಯ.

ಯಾರು ಬರುತ್ತೀರಿ, ಶುಕ್ರವಾರ ಸಂಜೆಯೊಳಗೆ ತಿಳಿಸಿ. ಅಕ್ಕಂದಿರು ಇಬ್ಬರಾದರೂ ಬೇಕೇಬೇಕು.