ಕೆರೆಯುವ ಮೊದಲು ಪರೀಕ್ಷೆ ಮಾಡಿಸಿ: ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಬೆಂಗಳೂರಿನ ಪೇಟೆ ಕಡೆ ಇರುವ ನಮ್ಮ ಹಳೇ ಸರ್ಕಾರಿ ಶಾಲೆಗೆ ಬಣ್ಣ ಬಳಿಸಲು ನಿಮ್ಮ ನಿಧಿಯಿಂದ ಹಣ ಕೊಟ್ಟಿದ್ದೀರಿ. ಶಾಲೆಯ ಮೇಲೆ ನಿಮಗೆ ಕಾಳಜಿ ಇದೆ ಅಂತಲೇ ನಂಬಿದ್ದೇನೆ. ಆದರೆ ಆ ಕೆಲಸವನ್ನು ದಯವಿಟ್ಟು ಈಗಲೇ ನಿಲ್ಲಿಸಿ. ಹಳೇ ಬಣ್ಣದಲ್ಲಿ ಸೀಸ, ಅಂದರೆ ಲೆಡ್ ಅನ್ನುವ ವಿಷದ ಲೋಹ, ಇದೆಯಾ ಅಂತ ಪರೀಕ್ಷೆ ಮಾಡಿಸಿ, ಆಮೇಲೆ ಮುಂದುವರಿಸಿ. ಇದನ್ನೇ ಹೆಡ್‌ಮಾಸ್ಟರ್‌ಗೆ ಹೇಳಿದೆ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಹೇಳಿದೆ, ಬಿಇಒ ಕಚೇರಿಗೆ ಬರೆದುಕೊಟ್ಟೆ, ನಿಮ್ಮ ಕಚೇರಿಗೂ ಅರ್ಜಿ ಕೊಟ್ಟೆ. ಯಾರಿಂದಲೂ ಉತ್ತರ ಬರಲಿಲ್ಲ. ಹಾಗಾಗಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಆ ದಿನ ನಡೆದದ್ದನ್ನು ಪೂರ್ತಿ ಹೇಳಲೇಬೇಕು. ಮಗಳಿಗೆ ಜ್ವರ ಅಂತ ಫೋನ್ ಬಂತು, ಮಧ್ಯಾಹ್ನ ಕರೆದುಕೊಂಡು ಬರಲು ಹೋದೆ. ವರಾಂಡದಲ್ಲಿ ಕೆಲಸದವರು ಕಿಟಕಿ, ಬಾಗಿಲು, ಕಬ್ಬಿಣದ ಸರಳುಗಳ ಬಣ್ಣವನ್ನು ಒಣದಾಗಿಯೇ ಕೆರೆಯುತ್ತಿದ್ದರು. ಒಬ್ಬರ ಕೈಯಲ್ಲಿ ಎಮರಿ ಪೇಪರ್, ಇನ್ನೊಬ್ಬರ ಕೈಯಲ್ಲಿ ತಿರುಗುವ ಮಷೀನು. ಮೇಲಿನ ಹಸಿರು ಹೋಗಿ ಹಳದಿ, ಅದರ ಕೆಳಗೆ ಕೆಂಪು. ಎಷ್ಟು ವರ್ಷಗಳ ಬಣ್ಣವೋ, ಎಲ್ಲ ಪುಡಿಯಾಗಿ ಗಾಳಿಯಲ್ಲಿ ಹಾರುತ್ತಿತ್ತು. ಕೆಲಸದವರು ಮುಖಕ್ಕೆ ಟವೆಲ್ ಕಟ್ಟಿಕೊಂಡಿದ್ದರು. ಅವರಿಂದ ನಾಲ್ಕು ಹೆಜ್ಜೆ ಆಚೆ ಮಕ್ಕಳು ಸಾಲಾಗಿ ಕೂತು ಬಿಸಿಯೂಟ ಮಾಡುತ್ತಿದ್ದರು. ಅನ್ನ ಸಾಂಬಾರಿನ ಮೇಲೆ ಆ ಪುಡಿ ಬೀಳುತ್ತಿತ್ತು. ಕೆಲಸದವರನ್ನು ಕೇಳಿದರೆ, "ಮೇಡಂ, ಬಣ್ಣ ಬಳಿಸೋದು ಒಳ್ಳೇದಲ್ವಾ?" ಅಂದರು. ಊಟ ಆದ ಮೇಲೆ ಆಯಾ ಬಂದು ಒಣ ಪೊರಕೆಯಲ್ಲಿ ಗುಡಿಸಿದರು. ಕೆಳಗಿದ್ದ ಪುಡಿ ಮತ್ತೆ ಮೇಲೆದ್ದಿತು. ಹೊಟ್ಟೆ ತುಂಬ ಊಟ ಸಿಗಲಿ ಅಂತ ಶಾಲೆಗೆ ಬರುವ ಮಕ್ಕಳಿದ್ದಾರೆ ಸರ್ ಅಲ್ಲಿ. ಅವರ ತಟ್ಟೆಗೆ ಬಿದ್ದದ್ದು ಏನು ಅಂತ ಯಾರಿಗೂ ಚಿಂತೆ ಇಲ್ಲವಾ?

ಕಂಟ್ರಾಕ್ಟರ್ ನನಗೆ ಹೊಸ ಬಣ್ಣದ ಡಬ್ಬ ತೋರಿಸಿದರು. ಸೀಸ ಇಲ್ಲ ಅಂತ ಅದರ ಮೇಲೆ ಬರೆದಿದೆ. ಸರಿ, ಒಪ್ಪುತ್ತೇನೆ. ನಿಯಮ ನಿಮಗೆ ಗೊತ್ತೇ ಇರುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿ, 2017ರ ನವೆಂಬರ್‌ನಿಂದ ಜಾರಿಗೆ ಬಂದದ್ದು. ಮನೆ, ಕಟ್ಟಡಗಳ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ದಾಟಬಾರದು. ಆದರೆ ಅದು ಹೊಸ ಡಬ್ಬಕ್ಕೆ. ಅದಕ್ಕೂ ಎಷ್ಟೋ ವರ್ಷ ಮೊದಲು ಬಳಿದ ಬಣ್ಣ ಆ ಕಿಟಕಿಗಳ ಮೇಲೇ ಕೂತಿದೆ. ಗೋಡೆಯ ಸುಣ್ಣದ ಬಗ್ಗೆ ನನ್ನ ತಕರಾರಿಲ್ಲ. ಭಯ ಇರುವುದು ಹಳೇ ಆಯಿಲ್ ಪೇಂಟ್ ಬಗ್ಗೆ. ಗಾಢ ಹಳದಿ, ಹಸಿರು ಬರಲು ಸೀಸದ ಕ್ರೋಮೇಟ್ ಹಾಕುತ್ತಿದ್ದರು. ಕಬ್ಬಿಣಕ್ಕೆ ತುಕ್ಕು ಹಿಡಿಯಬಾರದು ಅಂತ ಬಳಿಯುತ್ತಿದ್ದ ಕೆಂಪು ಪ್ರೈಮರ್‌ನಲ್ಲೂ ಸೀಸ ಇರುತ್ತಿತ್ತು. ಗಟ್ಟಿಯಾಗಿ ಅಂಟಿಕೊಂಡಿದ್ದಾಗ ಅದರಿಂದ ಅಪಾಯ ಕಡಿಮೆ. ಕೆರೆದು ಪುಡಿ ಮಾಡಿದಾಗಲೇ ಅದು ಮಕ್ಕಳ ಕೈಗೆ, ಕೈಯಿಂದ ಬಾಯಿಗೆ ಹೋಗುವುದು.

ನನ್ನ ಮಗಳು ಎರಡನೇ ಕ್ಲಾಸು. ಜ್ವರ ಹೋಯಿತು, ಹೊಟ್ಟೆನೋವು ಹೋಗಲಿಲ್ಲ. ಡಾಕ್ಟರ್ ರಕ್ತ ಕಮ್ಮಿ ಇದೆ ಅಂದರು. ಸೀಸದ ಪರೀಕ್ಷೆಯನ್ನೂ ಮಾಡಿಸಿ ಅಂತ ನಾನೇ ಕೇಳಿಕೊಂಡೆ. ನಮ್ಮ ಯಜಮಾನರು ಆಟೋ ಓಡಿಸುತ್ತಾರೆ. ಆ ಪರೀಕ್ಷೆಯ ದುಡ್ಡು ನಮಗೆ ಸಣ್ಣದಲ್ಲ. ಒಂದು ಡೆಸಿಲೀಟರ್ ರಕ್ತದಲ್ಲಿ 11 ಮೈಕ್ರೋಗ್ರಾಂ ಅಂತ ಬಂತು. ಅಮೆರಿಕದಲ್ಲಿ 2021ರಿಂದ 3.5 ಬಂದರೇ ಮಗುವಿನ ಸುತ್ತ ಸೀಸ ಎಲ್ಲಿದೆ ಅಂತ ಹುಡುಕಲು ಶುರು ಮಾಡುತ್ತಾರೆ. ಇಷ್ಟಿದ್ದರೆ ಸಾಕು, ಏನೂ ಆಗಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಔಷಧ ಏನು ಅಂತ ಕೇಳಿದೆ. ಸಾಮಾನ್ಯವಾಗಿ 45 ದಾಟಿದರೆ ಮಾತ್ರ ಸೀಸ ಹೊರಗೆ ಹಾಕುವ ಔಷಧ ಕೊಡುತ್ತಾರಂತೆ. ಈ ಮಟ್ಟಕ್ಕೆ ಕಬ್ಬಿಣ, ಕ್ಯಾಲ್ಸಿಯಂ ಇರುವ ಊಟ ಕೊಡಿ, ಸೀಸ ಎಲ್ಲಿಂದ ಬರುತ್ತಿದೆಯೋ ಅಲ್ಲಿಂದ ಮಗುವನ್ನು ದೂರ ಇಡಿ ಅಂದರು. ರಾಗಿ, ಸೊಪ್ಪು ನಾನು ಕೊಡುತ್ತೇನೆ. ಶಾಲೆಯಿಂದ ದೂರ ಇಡುವುದು ಹೇಗೆ ಸರ್? ಪ್ರೈವೇಟ್ ಶಾಲೆಗೆ ಕಳಿಸುವ ಶಕ್ತಿ ನಮಗಿಲ್ಲ.

"ಶಾಲೆಯಿಂದಲೇ ಬಂತು ಅಂತ ಹೇಗೆ ಹೇಳ್ತೀರಿ?" ಅಂತ ಅರ್ಜಿ ಕೊಡುವಾಗ ಕಚೇರಿಯಲ್ಲಿ ಕೇಳಿದರು. ಅದನ್ನು ತಿಳಿಯಲೆಂದೇ ಪರೀಕ್ಷೆ ಮಾಡಿಸಿ ಅಂತ ಬೇಡುತ್ತಿರುವುದು! ಎಕ್ಸ್‌ಆರ್‌ಎಫ್ ಅಂತ ಕೈಯಲ್ಲಿ ಹಿಡಿಯುವ ಮಷೀನಿದೆ. ಕಿಟಕಿಗೆ ಒತ್ತಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಒಳಪದರದ ಸೀಸವೂ ಗೊತ್ತಾಗುತ್ತದೆ. ಅದು ಸಿಗದಿದ್ದರೆ ಎದ್ದುಬಂದ ಬಣ್ಣದ ಚೂರನ್ನು ಲ್ಯಾಬಿಗೆ ಕಳಿಸಿ. ಸೀಸದ ವಿಷದ ಬಗ್ಗೆ ಇಡೀ ದೇಶಕ್ಕೇ ಸಲಹೆ ಕೊಡುವ ಕೇಂದ್ರ ಶುರುವಾದದ್ದು ಇದೇ ಊರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. ಬೆಂಗಳೂರಿನಲ್ಲಿ ಕೇಳಲು ಯಾರೂ ಇಲ್ಲ ಅನ್ನುವ ಹಾಗಿಲ್ಲ.

ಸೀಸ ಇದೆ ಅಂತ ಬಂದರೂ ಕಟ್ಟಡ ಒಡೆಯಬೇಕಾಗಿಲ್ಲ. ಗಟ್ಟಿಯಾಗಿರುವ ಬಣ್ಣವನ್ನು ಕೆರೆಯದೆ ಅದರ ಮೇಲೆಯೇ ಬಳಿಯಬಹುದು. ಎದ್ದುಬಂದಿರುವುದನ್ನು ನೀರು ಹಾಕಿ, ಒದ್ದೆ ಮಾಡಿ ತೆಗೆಯಬೇಕು. ಮಷೀನು ಬೇಡ, ಬೆಂಕಿಯಲ್ಲಿ ಸುಡುವುದಂತೂ ಬೇಡವೇ ಬೇಡ. ಕೆಳಗೆ ಪ್ಲಾಸ್ಟಿಕ್ ಹಾಸಿ, ಪುಡಿಯನ್ನು ಚೀಲಕ್ಕೆ ಕಟ್ಟಿ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಎಲ್ಲಕ್ಕಿಂತ ಜಾಸ್ತಿ, ಆ ಹೊತ್ತಿನಲ್ಲಿ ಮಕ್ಕಳು ಅಲ್ಲಿರಬಾರದು. ಕೆಲಸದವರಿಗೂ ಸರಿಯಾದ ಮಾಸ್ಕ್ ಕೊಡಿಸಿ. ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಅವರೂ ತಮ್ಮ ಮಕ್ಕಳನ್ನು ಎತ್ತಿಕೊಳ್ಳುತ್ತಾರೆ ಅಲ್ವಾ?

ಕೆಳಗಿನ ಮಹಡಿ ಮುಗಿದಿದೆ. ಮೇಲಿನ ಕೋಣೆಗಳನ್ನು ಇನ್ನೂ ಮುಟ್ಟಿಲ್ಲ. ಅಲ್ಲಿ ಒಂದೇ ಒಂದು ಕಿಟಕಿ ಕೆರೆಯುವ ಮೊದಲು ಪರೀಕ್ಷೆ ಮಾಡಿಸಿ. ವರದಿಯನ್ನು ಶಾಲೆಯ ನೋಟಿಸ್ ಬೋರ್ಡಿಗೆ ಹಾಕಿಸಿ. ಮಿಕ್ಕ ಕೆಲಸವನ್ನು ದಸರಾ ರಜೆಯಲ್ಲಿ ಮಾಡಿಸಿ. ಈಗಾಗಲೇ ಆ ಪುಡಿಯಲ್ಲಿ ಕೂತು ಉಂಡ ಮಕ್ಕಳಿಗೆಲ್ಲ ಸರ್ಕಾರದ ಖರ್ಚಿನಲ್ಲಿ ರಕ್ತಪರೀಕ್ಷೆ ಮಾಡಿಸಿ. ಅರ್ಜಿ ತಲುಪಿದೆ ಅನ್ನುವ ಸೀಲು ನನಗೆ ಬೇಡ. ಕೆಲಸ ನಿಲ್ಲಿಸಿ ಅಂತ ನೀವು ಕಂಟ್ರಾಕ್ಟರ್‌ಗೆ ಒಂದು ಫೋನ್ ಮಾಡಿ, ಇವತ್ತೇ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು, ಎರಡನೇ ತರಗತಿ ಹುಡುಗಿಯೊಬ್ಬಳ ತಾಯಿ